ಆದಿ ಸಭೆಯ ಬರಹಗಳನ್ನು ಓದುವುದು ಹೇಗೆ: ಹೊಸಬರಿಗೆ ಸಮಗ್ರ ಮಾರ್ಗದರ್ಶಿ

ಅಪೊಸ್ತಲರ, ಅಂದರೆ ಯೇಸು ಕಳುಹಿಸಿದ ಮೊದಲ ಬೋಧಕರ ಕಾಲ ಮುಗಿದ ಮೇಲೆ ಕ್ರೈಸ್ತ ಸಭೆ ಬರೆಯುವುದನ್ನು ನಿಲ್ಲಿಸಲಿಲ್ಲ. ಅಪೊಸ್ತಲರನ್ನು ಕಂಡವರು, ಅವರ ಶಿಷ್ಯರು, ಶಿಷ್ಯರ ಶಿಷ್ಯರು ಪತ್ರ ಬರೆದರು, ಜಗಳ ಬಿಡಿಸಿದರು, ಚಕ್ರವರ್ತಿಗೆ ಮನವಿ ಕೊಟ್ಟರು, ಜೈಲಿನಲ್ಲಿ ಕೂತು ದಿನಚರಿ ಬರೆದರು. ಅವುಗಳಲ್ಲಿ ಬಹಳಷ್ಟು ಉಳಿದಿವೆ. ಹಳೆಯ ಅನುವಾದಗಳು ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಆದರೂ ಓದಲು ಹೊರಟವರಲ್ಲಿ ಅರ್ಧದಲ್ಲೇ ಬಿಟ್ಟವರು ಜಾಸ್ತಿ.

ಬಿಡುವುದಕ್ಕೆ ಕಾರಣವೂ ಗೊತ್ತಿರುವುದೇ. ಕೆಲವರು 38 ಸಂಪುಟಗಳ ಹಳೆಯ ಇಂಗ್ಲಿಷ್ ಮಾಲೆಯನ್ನು ಮೊದಲ ಪುಟದಿಂದ ಶುರು ಮಾಡುತ್ತಾರೆ. ಕೆಲವರು ನೇರ 5ನೆಯ ಶತಮಾನದ ಬಿಷಪ್ ಅಗಸ್ಟಿನ್ ಬರೆದ ‘ದೇವರ ನಗರ’ಕ್ಕೇ ಕೈ ಹಾಕುತ್ತಾರೆ. ಅದರಲ್ಲಿ 22 ಭಾಗಗಳಿವೆ! ಇನ್ನು ಕೆಲವರು ತಮ್ಮ ಸಭೆಯ ಬೋಧನೆಯೇ ಸರಿ ಎನ್ನುವುದಕ್ಕೆ ಪುರಾವೆ ಹುಡುಕುತ್ತಾ ಹೋಗಿ, ಬೇಕಾದ ಒಂದು ಸಾಲು ಸಿಕ್ಕ ಕೂಡಲೇ ಪುಸ್ತಕ ಮುಚ್ಚುತ್ತಾರೆ.

ಇಲ್ಲಿ ಹೇಳುವ ದಾರಿ ಬೇರೆ. ಸುಮಾರು ಕ್ರಿ.ಶ. 95ರಿಂದ 203ರವರೆಗಿನ ಕೆಲವೇ ಚಿಕ್ಕ ಬರಹಗಳನ್ನು ಆರಿಸಿಕೊಳ್ಳೋಣ. ಪ್ರತಿಯೊಂದರ ಹಿಂದೆಯೂ ಒಂದು ಊರು, ಒಂದು ತೊಂದರೆ ಇದೆ. ಮೊದಲು ಆ ತೊಂದರೆ ಏನು ಅಂತ ಹಿಡಿಯಬೇಕು, ಬೋಧನೆಯ ಮಾತು ಆಮೇಲೆ.

ಹೆಜ್ಜೆ 1: ಸರಿಯಾದ ಅನುವಾದ ಹಿಡಿಯಿರಿ

ಮೂಲ ಬರಹಗಳು ಹೆಚ್ಚಾಗಿ ಗ್ರೀಕ್‌ನಲ್ಲಿವೆ. ಕೆಲವು ಲ್ಯಾಟಿನ್, ಕೆಲವು ಸಿರಿಯಾಕ್. ಸದ್ಯಕ್ಕೆ ಇಂಗ್ಲಿಷ್ ಅನುವಾದವೇ ಸುಲಭದ ದಾರಿ. ಹುಡುಕಿದರೆ ಮೊದಲು ಸಿಗುವುದು ‘ಆಂಟೆ-ನೈಸೀನ್ ಫಾದರ್ಸ್’ ಎಂಬ 19ನೆಯ ಶತಮಾನದ ಮಾಲೆ. ಅಂದರೆ 325ರ ನೈಸೀಯ ಮಹಾಸಭೆಗಿಂತ ಹಿಂದಿನವರ ಬರಹಗಳು. ಒಳ್ಳೆಯ ಕೆಲಸವೇ, ಆದರೆ ಅದರಲ್ಲಿ ನಾಲ್ಕು ತೊಡಕುಗಳಿವೆ.

ಒಂದು, ಭಾಷೆ ತೀರಾ ಹಳೆಯದು. ವಾಕ್ಯ ಮುಗಿಯುವಷ್ಟರಲ್ಲಿ ಶುರು ಮರೆತುಹೋಗುತ್ತದೆ.

ಎರಡು, ರೋಮಿನ ಸಭೆಯ ನಾಯಕ ಕ್ಲೆಮೆಂಟ್ ಬರೆದದ್ದೆನ್ನುವ ಪತ್ರ (ಹೆಜ್ಜೆ 4 ನೋಡಿ) ಅದರ ಮೊದಲ ಸಂಪುಟದಲ್ಲಿ 59 ಅಧ್ಯಾಯಕ್ಕೆ ಮುಗಿಯುತ್ತದೆ. ನಿಜವಾಗಿ ಇರುವುದು 65. ಆ ಅನುವಾದಕ್ಕೆ ಆಧಾರವಾದ ಹಸ್ತಪ್ರತಿಯಲ್ಲಿ ಒಂದು ಹಾಳೆ ಕಳೆದುಹೋಗಿತ್ತು. 1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಒಂದು ಗ್ರಂಥಾಲಯದಲ್ಲಿ ಫಿಲೋಥಿಯೋಸ್ ಬ್ರಿಯೆನ್ನಿಯೋಸ್ ಎಂಬ ವಿದ್ವಾಂಸರಿಗೆ 1056ರಲ್ಲಿ ನಕಲು ಮಾಡಿದ ಹಸ್ತಪ್ರತಿ ಸಿಕ್ಕಿತು. ಪತ್ರದ ಪೂರ್ತಿ ಗ್ರೀಕ್ ಪಾಠ ಆಗ ಬೆಳಕಿಗೆ ಬಂತು. ಕಾಣೆಯಾಗಿದ್ದ ಭಾಗದಲ್ಲೇ ಪತ್ರದ ಅತ್ಯಂತ ಚೆಂದದ ಪ್ರಾರ್ಥನೆ ಇದೆ. ಹಾಗಾಗಿ ನಿಮ್ಮ ಪ್ರತಿಯಲ್ಲಿ ಎಷ್ಟು ಅಧ್ಯಾಯ ಇದೆ ಅಂತ ಮೊದಲೇ ನೋಡಿಕೊಳ್ಳಿ.

ಮೂರು, ‘ಡಿಡಾಕೆ’ ಎಂಬ ಪುಸ್ತಕ ಮೊದಲ ಸಂಪುಟದಲ್ಲಿ ಇಲ್ಲವೇ ಇಲ್ಲ. ಅದೂ ಅದೇ ಹಸ್ತಪ್ರತಿಯಲ್ಲಿ ಸಿಕ್ಕಿದ್ದು, ಅಚ್ಚಾಗಿದ್ದು 1883ರಲ್ಲಿ. ಈ ಮಾಲೆಯಲ್ಲಿ ಅದನ್ನು 7ನೆಯ ಸಂಪುಟದಲ್ಲಿ ಹುಡುಕಬೇಕು.

ನಾಲ್ಕು, ಅಮೆರಿಕದ ಆವೃತ್ತಿಗೆ ಸಂಪಾದಕರು ಸೇರಿಸಿದ ಟಿಪ್ಪಣಿಗಳಲ್ಲಿ ರೋಮನ್ ಕ್ಯಾಥೊಲಿಕರ ಮೇಲೆ ಆಗಾಗ ಕಿಡಿ ಹಾರುತ್ತದೆ. ಅದು ಅವರ ಕಾಲದ ಜಗಳ, 2ನೆಯ ಶತಮಾನದ್ದಲ್ಲ. ಆ ಟಿಪ್ಪಣಿಗಳನ್ನು ಸುಮ್ನೆ ದಾಟಿ ಮುಂದೆ ಹೋಗಿ.

ಇದೆಲ್ಲ ಬೇಡ ಅನ್ನುವವರು ಜೆ.ಬಿ. ಲೈಟ್‌ಫುಟ್ ಅಥವಾ ಕಿರ್ಸಾಪ್ ಲೇಕ್ ಮಾಡಿದ ‘ಅಪೊಸ್ತಲಿಕ್ ಫಾದರ್ಸ್’ (ಅಪೊಸ್ತಲರ ನಂತರದ ತಲೆಮಾರಿನ ಬರಹಗಳು) ಅನುವಾದ ತೆಗೆದುಕೊಳ್ಳಬಹುದು. ಎರಡೂ ಹಳೆಯವು, ಆದ್ದರಿಂದ ಪುಕ್ಕಟೆ ಸಿಗುತ್ತವೆ. ಎರಡರಲ್ಲೂ ಕ್ಲೆಮೆಂಟನ ಪತ್ರ ಪೂರ್ತಿ ಇದೆ, ಡಿಡಾಕೆಯೂ ಇದೆ.

ಹೆಜ್ಜೆ 2: ಪಕ್ಕದಲ್ಲಿ ಸತ್ಯವೇದ, ಕೈಯಲ್ಲಿ ಪೆನ್ಸಿಲ್

ಈ ಬರಹಗಾರರ ಉಸಿರಿನಲ್ಲೇ ಸತ್ಯವೇದ, ಅಂದರೆ ಬೈಬಲ್ ಇತ್ತು. ಎಷ್ಟೋ ಸಲ ಉಲ್ಲೇಖ ಅಂತ ಹೇಳದೆಯೇ ಕೀರ್ತನೆಯ ಸಾಲು ನುಗ್ಗಿಸುತ್ತಾರೆ. ಕನ್ನಡ ಸತ್ಯವೇದ ಪಕ್ಕದಲ್ಲಿರಲಿ. ಅನುವಾದದ ಅಡಿಟಿಪ್ಪಣಿಯಲ್ಲಿ ವಚನ ಕೊಟ್ಟಿದ್ದರೆ ತೆಗೆದು ನೋಡಿ. ಹಳೆಯ ಒಡಂಬಡಿಕೆಯ ಮಾತು ನಿಮ್ಮ ಸತ್ಯವೇದದಲ್ಲಿ ಇರುವುದಕ್ಕಿಂತ ಸ್ವಲ್ಪ ಬೇರೆಯಾಗಿ ಕಂಡರೆ ಗಾಬರಿ ಬೇಡ. ಅವರು ಓದುತ್ತಿದ್ದುದು ಸೆಪ್ಟುಅಜಿಂಟ್ ಎಂಬ ಗ್ರೀಕ್ ಅನುವಾದವನ್ನು.

ಪ್ರತಿ ಬರಹ ಶುರು ಮಾಡುವ ಮುನ್ನ ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಳ್ಳಿ: ಯಾರು ಬರೆದದ್ದು, ಯಾವ ಊರಿಂದ ಯಾವ ಊರಿಗೆ, ಏನು ತೊಂದರೆ ಆಗಿತ್ತು, ಓದಿದವರು ಏನು ಮಾಡಬೇಕು ಅಂತ ಆಸೆ. ಉತ್ತರ ಗೊತ್ತಿಲ್ಲದಿದ್ದರೆ ಜಾಗ ಖಾಲಿ ಬಿಡಿ. ಓದುತ್ತಾ ತುಂಬುತ್ತದೆ.

ಹೆಜ್ಜೆ 3: ಡಿಡಾಕೆಯಿಂದ ಶುರು ಮಾಡಿ

‘ಹನ್ನೆರಡು ಮಂದಿ ಅಪೊಸ್ತಲರ ಬೋಧನೆ’ ಎನ್ನುವುದು ಇದರ ಪೂರ್ತಿ ಹೆಸರು. 16 ಪುಟ್ಟ ಅಧ್ಯಾಯಗಳು, ಒಂದೇ ಸಂಜೆಗೆ ಮುಗಿಯುತ್ತದೆ. ಬರೆದವರ ಹೆಸರಿಲ್ಲ. 1ನೆಯ ಶತಮಾನದ ಕೊನೆಯದೋ 2ನೆಯ ಶತಮಾನದ ಆರಂಭದ್ದೋ ಇರಬೇಕು ಅಂತ ಹೆಚ್ಚಿನ ವಿದ್ವಾಂಸರ ಅಂದಾಜು. ಒಂದು ಸಭೆ ನಡೆಸಲು ಬೇಕಾದ ಕೈಪಿಡಿ ಇದು.

ಮೊದಲ ಆರು ಅಧ್ಯಾಯ ಜೀವದ ದಾರಿ, ಸಾವಿನ ದಾರಿ ಎಂಬ ಎರಡು ದಾರಿಗಳ ಬಗ್ಗೆ. ಇದನ್ನು ಬೇಗ ಓದಿಕೊಂಡು ಹೋಗಬಹುದು. 7ನೆಯ ಅಧ್ಯಾಯಕ್ಕೆ ಬಂದಾಗ ನಿಧಾನ ಮಾಡಿ. ದೀಕ್ಷಾಸ್ನಾನ ಹೇಗೆ ಕೊಡಬೇಕು ಅಂತ ಅಲ್ಲಿದೆ. ಹರಿಯುವ ನೀರಿನಲ್ಲಿ ಕೊಡಿ. ಅದಿಲ್ಲದಿದ್ದರೆ ಬೇರೆ ನೀರಿನಲ್ಲಿ. ತಣ್ಣೀರು ಆಗದಿದ್ದರೆ ಬಿಸಿನೀರಿನಲ್ಲಿ. ಎರಡೂ ಸಾಲದಿದ್ದರೆ ತಲೆಯ ಮೇಲೆ ಮೂರು ಸಲ ನೀರು ಸುರಿಯಿರಿ. ಸ್ನಾನಕ್ಕೆ ಮುಂಚೆ ಒಂದೆರಡು ದಿನ ಉಪವಾಸ ಇರಲಿ. ಮುಳುಗಿಸಬೇಕೋ ಚಿಮುಕಿಸಬೇಕೋ ಎಂಬ ವಾದ ನಮ್ಮ ಸಭೆಗಳ ನಡುವೆ ಇವತ್ತಿಗೂ ಇದೆ, ಅಲ್ವಾ? ಈ ಅಧ್ಯಾಯ ಎರಡೂ ಕಡೆಯವರಿಗೆ ಸ್ವಲ್ಪ ಸ್ವಲ್ಪ ಕೊಟ್ಟು, ಯಾರಿಗೂ ಪೂರ್ತಿ ಕೊಡದೆ ಮುಂದೆ ಹೋಗುತ್ತದೆ.

8ನೆಯ ಅಧ್ಯಾಯದಲ್ಲಿ ಉಪವಾಸದ ದಿನಗಳಿವೆ: ಸೋಮವಾರ, ಗುರುವಾರ ಬೇಡ, ಬುಧವಾರ, ಶುಕ್ರವಾರ ಮಾಡಿ. ಕರ್ತನು ಕಲಿಸಿದ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಲ ಹೇಳಿ. 9 ಮತ್ತು 10ರಲ್ಲಿ ಊಟದ ಮೇಜಿನ ಪ್ರಾರ್ಥನೆಗಳು. ಬೆಟ್ಟಗಳ ಮೇಲೆ ಚದುರಿದ್ದ ಕಾಳು ಒಂದು ರೊಟ್ಟಿಯಾದ ಹಾಗೆ ನಿನ್ನ ಸಭೆಯೂ ಭೂಮಿಯ ಎಲ್ಲ ಮೂಲೆಗಳಿಂದ ಒಂದುಗೂಡಲಿ ಎಂಬರ್ಥದ ಪ್ರಾರ್ಥನೆ ಇಲ್ಲೇ ಬರುತ್ತದೆ. ಒಂದು ವಿಚಿತ್ರ ಗಮನಿಸಿ. ಇಲ್ಲಿ ಮೊದಲು ದ್ರಾಕ್ಷಾರಸದ ಪಾತ್ರೆ, ಆಮೇಲೆ ರೊಟ್ಟಿ. ಯೇಸುವಿನ ಕೊನೆಯ ರಾತ್ರಿಯ ಊಟದ ಮಾತುಗಳೂ ಇಲ್ಲಿ ಇಲ್ಲ. ಇದು ಕರ್ತನ ಭೋಜನವೋ, ಸಭೆಯವರು ಕೂಡಿ ಮಾಡುತ್ತಿದ್ದ ಊಟವೋ ಅಂತ ವಿದ್ವಾಂಸರು ಇನ್ನೂ ಚರ್ಚೆ ಮಾಡುತ್ತಲೇ ಇದ್ದಾರೆ.

ನನಗೆ ಅತ್ಯಂತ ಇಷ್ಟವಾಗುವುದು 11ರಿಂದ 13. ಊರೂರು ತಿರುಗುವ ಬೋಧಕರು, ಪ್ರವಾದಿಗಳು ಬಂದರೆ ಏನು ಮಾಡಬೇಕು? ಬಂದವರನ್ನು ಕರ್ತನನ್ನೇ ಬರಮಾಡಿಕೊಂಡಂತೆ ಬರಮಾಡಿಕೊಳ್ಳಿ. ಒಂದು ದಿನ ಇರಲಿ, ಬೇಕಾದರೆ ಎರಡು ದಿನ. ಮೂರನೆಯ ದಿನವೂ ಉಳಿದರೆ ಅವನು ಸುಳ್ಳು ಪ್ರವಾದಿ. ಹೊರಡುವಾಗ ಮುಂದಿನ ತಂಗುದಾಣದವರೆಗೆ ಬೇಕಾದ ರೊಟ್ಟಿ ಮಾತ್ರ ಕೊಡಿ. ದುಡ್ಡು ಕೇಳಿದರೆ ಸುಳ್ಳು ಪ್ರವಾದಿ. ಆದರೆ ಬಡವರಿಗಾಗಿ ಕೇಳಿದರೆ ಅವನ ಮೇಲೆ ತೀರ್ಪು ಬೇಡ. ಊರಲ್ಲೇ ನೆಲೆಸುತ್ತೇನೆ ಅನ್ನುವ ಸಾಮಾನ್ಯ ವಿಶ್ವಾಸಿ ಕಸುಬು ಗೊತ್ತಿದ್ದರೆ ದುಡಿದು ತಿನ್ನಲಿ. ಈ ನಿಯಮಗಳ ಹಿಂದೆ ಎಂಥ ಅನುಭವಗಳು ಇದ್ದಿರಬೇಕು ಅಂತ ಊಹಿಸಿ! ಆ ಸಭೆ ಎಷ್ಟು ಸಲ ಮೋಸ ಹೋಗಿದ್ದಿರಬಹುದು. ಆದರೂ ಬಾಗಿಲು ಮುಚ್ಚಿಲ್ಲ.

ಹೆಜ್ಜೆ 4: ಕೊರಿಂಥದ ಜಗಳಕ್ಕೆ ರೋಮಿನಿಂದ ಪತ್ರ

ಕ್ಲೆಮೆಂಟನ ಪತ್ರ ಓದುವ ಮುನ್ನ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 1ರಿಂದ 4ನೆಯ ಅಧ್ಯಾಯ ಓದಿಕೊಳ್ಳಿ. ನಾನು ಪೌಲನವನು, ನಾನು ಅಪೊಲ್ಲೋಸನವನು ಎಂಬ ಗುಂಪುಗಾರಿಕೆ ಅಲ್ಲಿದೆ. ಸುಮಾರು ನಲವತ್ತು ವರ್ಷ ಕಳೆದ ಮೇಲೆ, 96ರ ಹೊತ್ತಿಗೆ, ಅದೇ ಸಭೆಯಲ್ಲಿ ಮತ್ತೆ ಜಗಳ. ಈ ಸಲ ಕೆಲವರು ಸೇರಿ ಹಿರಿಯರನ್ನು ಸ್ಥಾನದಿಂದ ಇಳಿಸಿಬಿಟ್ಟಿದ್ದಾರೆ. ರೋಮಿನ ಸಭೆ ತಾನಾಗಿ ಪತ್ರ ಬರೆದು, ಅವರನ್ನು ಮತ್ತೆ ಕೂರಿಸಿ ಅನ್ನುತ್ತದೆ. ಪತ್ರದಲ್ಲಿ ಕ್ಲೆಮೆಂಟನ ಹೆಸರು ಎಲ್ಲೂ ಇಲ್ಲ. ಒಂದು ಸಭೆ ಇನ್ನೊಂದು ಸಭೆಗೆ ಬರೆದ ಹಾಗೆ ಇದೆ. ಹೆಸರು ಸಂಪ್ರದಾಯದಿಂದ ಬಂದದ್ದು.

ಇದು ಉದ್ದದ ಪತ್ರ. ಹಳೆಯ ಒಡಂಬಡಿಕೆಯ ಉದಾಹರಣೆಗಳು ಒಂದರ ಹಿಂದೆ ಒಂದು ಬರುತ್ತವೆ. ಸುಸ್ತಾಗುವುದು ಸಹಜ. ಮೊದಲ ಸಲ ಹೀಗೆ ಓದಿ: 1ರಿಂದ 6, ಆಮೇಲೆ 24 ಮತ್ತು 25, 37, 38, 42ರಿಂದ 47, ಕೊನೆಗೆ 59ರಿಂದ 65. 5ನೆಯ ಅಧ್ಯಾಯದಲ್ಲಿ ಪೇತ್ರ ಮತ್ತು ಪೌಲರ ಕಷ್ಟಗಳ ನೆನಪಿದೆ. 25ರಲ್ಲಿ ಫೀನಿಕ್ಸ್ ಹಕ್ಕಿ ಬರುತ್ತದೆ. ಸತ್ತು ಮತ್ತೆ ಹುಟ್ಟುವ ಆ ಹಕ್ಕಿಯನ್ನು ಪುನರುತ್ಥಾನಕ್ಕೆ ಸಾಕ್ಷಿ ಅಂತ ಗಂಭೀರವಾಗಿಯೇ ಹೇಳುತ್ತಾರೆ. ನಗು ಬಂದರೆ ಬರಲಿ. ಆ ಕಾಲದಲ್ಲಿ ಓದು ಬಲ್ಲ ಎಷ್ಟೋ ಜನ ಅದನ್ನು ನಂಬಿದ್ದರು.

ಹೆಜ್ಜೆ 5: ಸರಪಳಿಯಲ್ಲಿ ಬರೆದ ಏಳು ಪತ್ರಗಳು

ಅಂತಿಯೋಕ್ಯದ ಬಿಷಪ್ ಇಗ್ನಾಸಿಯಸ್. ಟ್ರೇಜನ್ ಚಕ್ರವರ್ತಿಯ ಕಾಲ, ಅಂದರೆ 2ನೆಯ ಶತಮಾನದ ಮೊದಲ ವರ್ಷಗಳು. ಹತ್ತು ಸೈನಿಕರ ಕಾವಲಿನಲ್ಲಿ ರೋಮಿಗೆ ಸಾಗಿಸುತ್ತಿದ್ದಾರೆ, ಅಲ್ಲಿ ಕಾಡುಮೃಗಗಳ ಬಾಯಿಗೆ ಹಾಕಲು. ಆ ಸೈನಿಕರನ್ನು ಅವನು ಕರೆಯುವುದು ‘ಹತ್ತು ಚಿರತೆಗಳು’ ಅಂತ. ದಾರಿಯಲ್ಲಿ ಸ್ಮುರ್ನದಿಂದ ನಾಲ್ಕು, ತ್ರೋವದಿಂದ ಮೂರು ಪತ್ರ ಬರೆದ. ಎರಡೂ ಈಗಿನ ಟರ್ಕಿಯ ಊರುಗಳು.

ಇಲ್ಲೊಂದು ಎಚ್ಚರಿಕೆ. ಈ ಪತ್ರಗಳ ಚಿಕ್ಕ ಪಾಠ, ಉದ್ದದ ಪಾಠ ಎರಡೂ ಹಳೆಯ ಮಾಲೆಯಲ್ಲಿ ಅಕ್ಕಪಕ್ಕ ಅಚ್ಚಾಗಿವೆ. ಉದ್ದದ್ದು 4ನೆಯ ಶತಮಾನದಲ್ಲಿ ಯಾರೋ ಸೇರಿಸಿ ಬೆಳೆಸಿದ್ದು. ಚಿಕ್ಕದನ್ನೇ ಓದಿ. ಏಳಕ್ಕಿಂತ ಜಾಸ್ತಿ ಪತ್ರ ಕಂಡರೆ ಉಳಿದವನ್ನು ಬಿಡಿ, ಅವು ಅವನ ಹೆಸರಲ್ಲಿ ಬೇರೆಯವರು ಬರೆದವು. ಈ ಏಳರ ಬಗ್ಗೆಯೂ ಅನುಮಾನ ಪಡುವ ವಿದ್ವಾಂಸರಿದ್ದಾರೆ, ಆದರೆ ಹೆಚ್ಚಿನವರು ಒಪ್ಪುತ್ತಾರೆ.

ಮೊದಲು ರೋಮಿನವರಿಗೆ ಬರೆದ ಪತ್ರ ಓದಿ. ತನ್ನನ್ನು ಬಿಡಿಸಲು ಪ್ರಯತ್ನ ಮಾಡಬೇಡಿ ಅಂತ ಬೇಡಿಕೊಳ್ಳುವ ಪತ್ರ ಅದು. ನಾನು ದೇವರ ಗೋಧಿ, ಮೃಗಗಳ ಹಲ್ಲಿನಲ್ಲಿ ಬೀಸಿ ಶುದ್ಧ ರೊಟ್ಟಿಯಾಗುತ್ತೇನೆ ಅನ್ನುತ್ತಾನೆ. ಸಾಯುವ ಈ ಆತುರ ಓದುಗರಿಗೆ ಕಸಿವಿಸಿ ಉಂಟು ಮಾಡುತ್ತದೆ. ಮಾಡಲಿ. ಅದನ್ನು ಭಕ್ತಿಯ ಬಣ್ಣ ಹಚ್ಚಿ ಮೆತ್ತಗೆ ಮಾಡಿಕೊಳ್ಳುವುದು ಬೇಡ.

ಆಮೇಲೆ ಉಳಿದ ಪತ್ರಗಳನ್ನು ಒಂದೇ ಪ್ರಶ್ನೆ ಇಟ್ಟುಕೊಂಡು ಓದಿ: ಸಭೆಯ ನಾಯಕರು ಯಾರು? ಡಿಡಾಕೆಯ 15ನೆಯ ಅಧ್ಯಾಯದಲ್ಲಿ ಬಿಷಪರು, ಸಭಾಸೇವಕರು ಅಂತ ಎರಡು ಬಗೆ. ಅವರನ್ನು ಸಭೆಯೇ ಆರಿಸುತ್ತದೆ. ಕ್ಲೆಮೆಂಟನ 44ನೆಯ ಅಧ್ಯಾಯದಲ್ಲಿ ಬಿಷಪ್, ಹಿರಿಯ ಎನ್ನುವುದು ಹೆಚ್ಚುಕಡಿಮೆ ಒಬ್ಬರನ್ನೇ ಸೂಚಿಸುತ್ತದೆ. ಇಗ್ನಾಸಿಯಸನಿಗೆ ಬಂದರೆ ಒಬ್ಬನೇ ಬಿಷಪ್, ಅವನ ಜೊತೆ ಹಿರಿಯರ ಮಂಡಲಿ, ಸಭಾಸೇವಕರು. ಬಿಷಪ್ ಇಲ್ಲದೆ ಏನೂ ಮಾಡಬೇಡಿ ಅಂತ ಪತ್ರದಿಂದ ಪತ್ರಕ್ಕೆ ಒತ್ತಿ ಹೇಳುತ್ತಾನೆ. ಆದರೆ ರೋಮಿನವರಿಗೆ ಬರೆದ ಪತ್ರದಲ್ಲಿ ಅಲ್ಲಿನ ಬಿಷಪನ ಸುದ್ದಿಯೇ ಇಲ್ಲ! ಯಾಕಿರಬಹುದು? ಎಲ್ಲ ಊರುಗಳಲ್ಲಿ ಒಂದೇ ವ್ಯವಸ್ಥೆ ಒಂದೇ ದಿನ ಬಂದಿಲ್ಲ ಎನ್ನುವುದು ಒಂದು ಉತ್ತರ. ಅವನು ಇಷ್ಟು ಒತ್ತಿ ಹೇಳಬೇಕಾಯಿತು ಅಂದರೆ ಎಲ್ಲರೂ ಒಪ್ಪಿರಲಿಲ್ಲ ಅಂತಲೂ ಓದಬಹುದು. ಮೂರು ಬರಹಗಳನ್ನು ಒಂದೇ ಮೇಜಿನ ಮೇಲೆ ಇಟ್ಟುಕೊಂಡು ಈ ಹೋಲಿಕೆಯನ್ನು ನೀವೇ ಮಾಡಿ. ಪುರಾವೆ ಹುಡುಕುವ ಓದಿಗೂ ನಿಜವಾದ ಓದಿಗೂ ಇರುವ ವ್ಯತ್ಯಾಸ ಇಲ್ಲಿ ಗೊತ್ತಾಗುತ್ತದೆ.

ಹೆಜ್ಜೆ 6: ರಕ್ತಸಾಕ್ಷಿಗಳ ಕಥೆ, ಎರಡು ಸಾಕು

ರಕ್ತಸಾಕ್ಷಿಗಳು ಅಂದರೆ ನಂಬಿಕೆಗಾಗಿ ಪ್ರಾಣ ಕೊಟ್ಟವರು. ಮೊದಲನೆಯದು ಸ್ಮುರ್ನದ ಬಿಷಪ್ ಪಾಲಿಕಾರ್ಪನ ಮರಣ. ಸುಮಾರು 155ರಲ್ಲಿ ಸ್ಮುರ್ನದಲ್ಲಿ ನಡೆದದ್ದು. ಸ್ಮುರ್ನದ ಸಭೆಯೇ ಫಿಲೊಮೇಲಿಯಮ್ ಸಭೆಗೆ ಪತ್ರವಾಗಿ ಬರೆದಿದೆ. ಹಿಡಿಯಲು ಬಂದವರಿಗೆ ಮುದುಕ ಊಟ ಹಾಕಿಸುತ್ತಾನೆ, ಪ್ರಾರ್ಥನೆಗೆ ಒಂದು ಗಂಟೆ ಕೇಳಿ ಎರಡು ಗಂಟೆ ತೆಗೆದುಕೊಳ್ಳುತ್ತಾನೆ. ‘ನಾಸ್ತಿಕರು ತೊಲಗಲಿ’ ಅನ್ನು ಎಂದು ಅಧಿಕಾರಿ ಹೇಳುತ್ತಾನೆ. ರೋಮಿನ ದೇವತೆಗಳನ್ನು ಪೂಜಿಸದ ಕ್ರೈಸ್ತರೇ ಆಗ ನಾಸ್ತಿಕರು. ಪಾಲಿಕಾರ್ಪ ನೆರೆದ ಜನರ ಕಡೆ ಕೈ ಬೀಸಿ ಅದೇ ಮಾತು ಹೇಳುತ್ತಾನೆ! 86 ವರ್ಷ ಅವನ (ಕ್ರಿಸ್ತನ) ಸೇವೆ ಮಾಡಿದ್ದೇನೆ, ನನಗೆ ಯಾವ ಕೆಡುಕೂ ಮಾಡಿಲ್ಲ ಎಂಬ ಉತ್ತರ ಇಲ್ಲೇ ಬರುತ್ತದೆ. 4ನೆಯ ಅಧ್ಯಾಯದ ಕ್ವಿಂಟಸನನ್ನು ಮರೆಯಬೇಡಿ. ತಾನಾಗಿ ಮುಂದೆ ಹೋಗಿ ಸಿಕ್ಕಿಬಿದ್ದು, ಮೃಗಗಳನ್ನು ಕಂಡು ಹೆದರಿ ಸೋತವನು ಅವನು. ಹೀಗೆ ತಾವಾಗಿ ಹೋಗುವುದನ್ನು ನಾವು ಹೊಗಳುವುದಿಲ್ಲ ಅಂತ ಪತ್ರ ಸ್ಪಷ್ಟವಾಗಿ ಹೇಳುತ್ತದೆ. ಇಗ್ನಾಸಿಯಸನನ್ನು ಓದಿದ ಕೂಡಲೇ ಇದನ್ನು ಓದಿದರೆ ಆ ಮಾತಿನ ತೂಕ ಗೊತ್ತಾಗುತ್ತದೆ.

ಎರಡನೆಯದು ಪರ್ಪೆಟುವಾ. ಉತ್ತರ ಆಫ್ರಿಕದ ಕಾರ್ಥೇಜ್, 203. ಸುಮಾರು 22 ವರ್ಷದ ಬಾಣಂತಿ, ಓದು ಬರಹ ಬಲ್ಲವಳು. 3ರಿಂದ 10ನೆಯ ಅಧ್ಯಾಯ ಅವಳೇ ಜೈಲಿನಲ್ಲಿ ಬರೆದದ್ದು ಅಂತ ಪುಸ್ತಕ ಹೇಳುತ್ತದೆ. ಆ ಕಾಲದ ಹೆಣ್ಣೊಬ್ಬಳ ಸ್ವಂತ ಬರಹ ಸಿಗುವುದೇ ಅಪರೂಪ. ಕತ್ತಲೆ, ಸೆಕೆ, ಹಸಿದ ಮಗು, ಕಾಲಿಗೆ ಬಿದ್ದು ಬೇಡುವ ಅಪ್ಪ, ಕನಸಿನಲ್ಲಿ ಕಂಚಿನ ಏಣಿ. ಮುಂದಿನ ಅಧ್ಯಾಯಗಳಲ್ಲಿ ದನಿ ಬದಲಾಗುತ್ತದೆ. 11ರಿಂದ 13 ಜೊತೆಗಾರ ಸತುರಸನ ದರ್ಶನ, ಉಳಿದದ್ದು ಬೇರೊಬ್ಬರು ಬರೆದು ಜೋಡಿಸಿದ್ದು. ದನಿ ಎಲ್ಲಿ ಬದಲಾಯಿತು ಅಂತ ಪೆನ್ಸಿಲ್‌ನಿಂದ ಗೆರೆ ಎಳೆಯಿರಿ. ಇದು ಹಳೆಯ ಮಾಲೆಯ 3ನೆಯ ಸಂಪುಟದಲ್ಲಿದೆ.

ಹೆಜ್ಜೆ 7: ಒಳಗಿನ ಸಾಕ್ಷಿ, ಹೊರಗಿನ ಸಾಕ್ಷಿ

ಕ್ರೈಸ್ತ ತತ್ವಜ್ಞಾನಿ ಜಸ್ಟಿನ್ ಸುಮಾರು 155ರಲ್ಲಿ ಕ್ರೈಸ್ತರ ಪರವಾಗಿ ಚಕ್ರವರ್ತಿ ಆಂಟೊನೈನಸ್ ಪಯಸನಿಗೆ ಬರೆದ ಮೊದಲ ಸಮರ್ಥನೆ ಪೂರ್ತಿ ಓದಲು ಸ್ವಲ್ಪ ಕಷ್ಟ. 65ರಿಂದ 67ನೆಯ ಅಧ್ಯಾಯ ಮಾತ್ರ ಸಾಕು. ಭಾನುವಾರ ಎಲ್ಲರೂ ಒಂದೆಡೆ ಸೇರುತ್ತಾರೆ. ಸಮಯ ಇರುವವರೆಗೆ ಅಪೊಸ್ತಲರ ನೆನಪಿನ ಬರಹಗಳನ್ನೋ ಪ್ರವಾದಿಗಳನ್ನೋ ಓದುತ್ತಾರೆ. ಆಮೇಲೆ ಮುಖ್ಯಸ್ಥನ ಮಾತು, ಪ್ರಾರ್ಥನೆ, ರೊಟ್ಟಿ, ದ್ರಾಕ್ಷಾರಸ, ನೀರು. ಬರಲಾಗದವರ ಮನೆಗೆ ಸಭಾಸೇವಕರು ಒಯ್ಯುತ್ತಾರೆ. ಕಾಣಿಕೆ ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಜೈಲಿನಲ್ಲಿರುವವರಿಗೆ, ಪರದೇಶಿಗಳಿಗೆ. ನಿಮ್ಮ ಭಾನುವಾರದ ಆರಾಧನೆಯ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ.

ಕೂಡಲೇ ರೋಮನ್ ಅಧಿಕಾರಿ ಪ್ಲಿನಿ ಸುಮಾರು 112ರಲ್ಲಿ ಟ್ರೇಜನನಿಗೆ ಬರೆದ ಪತ್ರವನ್ನೂ ಓದಿ. ಅವನ ಪತ್ರಗಳ 10ನೆಯ ಭಾಗದಲ್ಲಿ 96ನೆಯದು. ಕ್ರೈಸ್ತರು ಗೊತ್ತುಮಾಡಿದ ದಿನ ಬೆಳಗಾಗುವ ಮುನ್ನ ಸೇರಿ, ಕ್ರಿಸ್ತನಿಗೆ ದೇವರಿಗೆಂಬಂತೆ ಹಾಡುತ್ತಾರೆ, ಕಳ್ಳತನ ವ್ಯಭಿಚಾರ ಮಾಡುವುದಿಲ್ಲ ಅಂತ ಆಣೆ ಮಾಡುತ್ತಾರೆ ಅಂತ ಅವನು ಬರೆಯುತ್ತಾನೆ. ನಿಜ ತಿಳಿಯಲು ಸಭಾಸೇವಕಿಯರೆನಿಸಿದ ಇಬ್ಬರು ದಾಸಿಯರಿಗೆ ಚಿತ್ರಹಿಂಸೆ ಕೊಟ್ಟೆ ಅಂತಲೂ ಅಷ್ಟೇ ತಣ್ಣಗೆ ಬರೆಯುತ್ತಾನೆ. ಮುಂದಿನ ಪತ್ರ ಟ್ರೇಜನನ ಉತ್ತರ: ಕ್ರೈಸ್ತರನ್ನು ಹುಡುಕಿಕೊಂಡು ಹೋಗಬೇಡ, ಹೆಸರಿಲ್ಲದ ದೂರು ತೆಗೆದುಕೊಳ್ಳಬೇಡ.

ಸದ್ಯಕ್ಕೆ ಬದಿಗಿಡಬೇಕಾದವು

ಹೆರ್ಮಾಸನ ‘ಕುರುಬ’ ಆಗ ಬಹಳ ಜನಪ್ರಿಯ. 4ನೆಯ ಶತಮಾನದ ಪ್ರಸಿದ್ಧ ಸಿನಾಯ್ ಹಸ್ತಪ್ರತಿಯಲ್ಲಿ ಹೊಸ ಒಡಂಬಡಿಕೆಯ ಜೊತೆಗೇ ಇದೆ. ಆದರೆ ತುಂಬಾ ಉದ್ದ, ನನಗಂತೂ ಅಲ್ಲಲ್ಲಿ ತೂಕಡಿಕೆ ಬರುತ್ತದೆ. ಬಾರ್ನಬನ ಪತ್ರ ಅನ್ನುವುದರಲ್ಲಿ ಯೆಹೂದ್ಯರ ಬಗ್ಗೆ ಕಟುವಾದ ಮಾತುಗಳಿವೆ. ಇಂಥ ಮಾತುಗಳು ಮುಂದಿನ ಶತಮಾನಗಳಲ್ಲಿ ಮಾಡಿದ ಹಾನಿ ಗೊತ್ತಿರುವವರು ಅದನ್ನು ಹಾಗೇ ನುಂಗಬಾರದು.

ತೋಮನ ಸುವಾರ್ತೆಯ ಹೆಸರು ಕೇಳಿದವರು ಅದನ್ನೇ ಮೊದಲು ಓದಲು ಹೋಗುತ್ತಾರೆ. ಯೇಸುವಿನವೆನ್ನುವ 114 ಮಾತುಗಳ ಪಟ್ಟಿ ಅದು. ಪೂರ್ತಿ ಕಾಪ್ಟಿಕ್ ಪ್ರತಿ 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯಲ್ಲಿ ಸಿಕ್ಕಿತು. ಅದಕ್ಕೂ ಮೊದಲೇ ಗ್ರೀಕ್ ಚೂರುಗಳು ಈಜಿಪ್ಟಿನದೇ ಊರಾದ ಆಕ್ಸಿರಿಂಕಸ್‌ನ ಹಳೆಯ ಕಸದ ಗುಡ್ಡೆಗಳಲ್ಲಿ ಸಿಕ್ಕಿದ್ದವು. ಗೋವಿಂದ ಪೈ, ಶಾಮಾಶಾಸ್ತ್ರಿ ಮೊದಲಾದವರು ಕನ್ನಡದ ಮಾತುಗಳಿವೆ ಅಂತ ವಾದಿಸಿದ ಹಳೆಯ ಗ್ರೀಕ್ ಪ್ರಹಸನವೊಂದು ಸಿಕ್ಕಿದ್ದೂ ಅದೇ ಊರಿನಲ್ಲಿ. ಆ ವಾದವನ್ನು ಎಲ್ಲರೂ ಒಪ್ಪಿಲ್ಲ, ಅದು ಬೇರೆ ಕಥೆ. ತೋಮನ ಸುವಾರ್ತೆಯನ್ನು ಮೇಲಿನ ಬರಹಗಳು ಮುಗಿದ ಮೇಲೆ ಓದಿ.

ಹೆಜ್ಜೆ 8: ಮುಂದಕ್ಕೆ

ಇಷ್ಟಾದ ಮೇಲೆ ಐರೀನಿಯಸ್. ಹುಡುಗನಾಗಿದ್ದಾಗ ಪಾಲಿಕಾರ್ಪನ ಮಾತು ಕೇಳಿದವನು, ಮುಂದೆ ಈಗಿನ ಫ್ರಾನ್ಸಿನ ಲಿಯೋನ್‌ನಲ್ಲಿ ಬಿಷಪ್ ಆದ. ಅವನ ಐದು ಭಾಗಗಳ ದೊಡ್ಡ ಗ್ರಂಥಕ್ಕಿಂತ ‘ಅಪೊಸ್ತಲರ ಬೋಧನೆಯ ನಿರೂಪಣೆ’ ಎಂಬ ಚಿಕ್ಕ ಪುಸ್ತಕವೇ ವಾಸಿ. 1904ರವರೆಗೆ ಅದು ಕಳೆದೇಹೋಗಿತ್ತು. ಆ ವರ್ಷ ಅರ್ಮೇನಿಯನ್ ಅನುವಾದವೊಂದು ಸಿಕ್ಕಿತು. ಆಮೇಲೆ 4ನೆಯ ಶತಮಾನದ ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸನ ‘ವಾಕ್ಯವು ಮನುಷ್ಯನಾದದ್ದು’, ಅಗಸ್ಟಿನ್ ಬರೆದ ‘ಅರಿಕೆಗಳು’. ಅರಿಕೆಗಳ 13 ಭಾಗಗಳಲ್ಲಿ ಮೊದಲ ಒಂಬತ್ತು ಅವನ ಬದುಕಿನ ಕಥೆ, ಅಲ್ಲಿಗೆ ನಿಲ್ಲಿಸಿದರೂ ನಷ್ಟವಿಲ್ಲ.

ಭಾರತದ ಸುದ್ದಿ ಬೇಕು ಅನ್ನುವವರು 4ನೆಯ ಶತಮಾನದ ಇತಿಹಾಸಕಾರ ಯುಸೀಬಿಯಸನ ಸಭಾ ಇತಿಹಾಸದ 5ನೆಯ ಭಾಗ, 10ನೆಯ ಅಧ್ಯಾಯ ತೆಗೆಯಿರಿ. ಅಲೆಕ್ಸಾಂಡ್ರಿಯದ ಬೋಧಕ ಪಂಟೇನಸ್ ಭಾರತಕ್ಕೆ ಹೋದನೆಂದೂ ಅಲ್ಲಿ ಮತ್ತಾಯನ ಸುವಾರ್ತೆ ಮೊದಲೇ ಇತ್ತೆಂದೂ ಹೇಳುತ್ತಾರೆ ಅಂತ ಅಲ್ಲಿದೆ. ಆಗಿನವರು ‘ಭಾರತ’ ಅಂದಾಗ ಕೆಲವೊಮ್ಮೆ ಅರೇಬಿಯವನ್ನೋ ಇಥಿಯೋಪಿಯವನ್ನೋ ಸೂಚಿಸುತ್ತಿದ್ದರು, ಅದೂ ತಲೆಯಲ್ಲಿರಲಿ. ಜೊತೆಗೆ 3ನೆಯ ಶತಮಾನದ ಸಿರಿಯಾಕ್ ಪುಸ್ತಕ ‘ತೋಮನ ಕೃತ್ಯಗಳು’ ಓದಿ, ಮೊದಲ ಎರಡು ಕೃತ್ಯ ಸಾಕು. ಅಪೊಸ್ತಲ ತೋಮ ದಾಸನಾಗಿ ವ್ಯಾಪಾರಿಯೊಬ್ಬನಿಗೆ ಮಾರಾಟವಾಗಿ ಬರುತ್ತಾನೆ. ಅರಮನೆ ಕಟ್ಟಲು ರಾಜ ಗುಂಡಫರ ಕೊಟ್ಟ ದುಡ್ಡನ್ನೆಲ್ಲ ಬಡವರಿಗೆ ಹಂಚಿ, ನಿನ್ನ ಅರಮನೆ ಪರಲೋಕದಲ್ಲಿ ಎದ್ದಿದೆ ಅನ್ನುತ್ತಾನೆ. ಕಥೆ ಕಥೆಯೇ. ಆದರೆ ಗುಂಡಫರ ನಿಜವಾಗಿ ವಾಯವ್ಯ ಭಾರತವನ್ನು ಆಳಿದವನು, ಅವನ ನಾಣ್ಯಗಳು ಸಿಕ್ಕಿವೆ.